ಜೆನೆಸೀ ಕಣಿವೆಯಲ್ಲಿ ಕ್ಯಾಮರಾದೊಂದಿಗೆ ನಾಲ್ಕು ಋತು

ಹೊರನಾಡಿಗೆ ಬಂದ ಕನ್ನಡಿಗರ ಮನೆಗಳಲ್ಲಿರುವ ಫೋಟೋಗಳೆಲ್ಲ ಹೆಚ್ಚುಕಡಿಮೆ ಒಂದೇ ಬಗೆಯವು. ನಯಾಗರದ ಕಟಕಟೆಗೆ ಒರಗಿ ನಿಂತದ್ದು ಒಂದು, ಸ್ವಾತಂತ್ರ್ಯ ದೇವಿಯ ಮುಂದೆ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡದ್ದು ಒಂದು, ಮೊದಲ ಹಿಮ ಬಿದ್ದ ದಿನ ಸೀರೆಯ ಮೇಲೆ ದಪ್ಪ ಕೋಟು ತೊಟ್ಟದ್ದು ಒಂದು, ಹೊಸ ಕಾರಿನ ಬಾನೆಟ್ಟಿನ ಮೇಲೆ ಕೈಯಿಟ್ಟದ್ದು ಮತ್ತೊಂದು. ಆಮೇಲೆ ಮಕ್ಕಳ ಹುಟ್ಟುಹಬ್ಬಗಳು, ಸತ್ಯನಾರಾಯಣ ಪೂಜೆ, ಸಂಘದ ಯುಗಾದಿ ಊಟ. ಇವೆಲ್ಲ ಬೇಕಾದವೇ, ಬೇಡವೆನ್ನುವವರು ಯಾರು? ಆದರೆ ನಾವು ದಿನವೂ ನಡೆಯುವ ಬೀದಿ, ಅಡುಗೆಮನೆಯ ಕಿಟಕಿಯಿಂದ ಕಾಣುವ ಮರ, ಕೆಲಸಕ್ಕೆ ಹೋಗುವಾಗ ದಾಟುವ ಹೊಳೆ, ಇವುಗಳ ಚಿತ್ರ ನಮ್ಮಲ್ಲಿ ಎಷ್ಟು ಮಂದಿಯ ಬಳಿ ಇದೆ?

ಈ ಪ್ರಶ್ನೆಯ ಬೆನ್ನು ಹತ್ತಿ ನಾವು ಕೆಲವು ವರ್ಷಗಳಿಂದ ವಾರಾಂತ್ಯದ ತಿರುಗಾಟಕ್ಕೆ ಬಿದ್ದಿದ್ದೇವೆ. ನಾವು ಎಂದರೆ ಗಂಡ ಹೆಂಡಿರಿಬ್ಬರು. ಹುಟ್ಟೂರು ಸಾಗರದ ಕಡೆ, ಈಗಿನ ಬಿಡಾರ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್. ಹೊಟ್ಟೆಪಾಡು ರಸಾಯನ ವಿಜ್ಞಾನದ ಸಂಶೋಧನೆ, ಹುಚ್ಚು ಛಾಯಾಗ್ರಹಣ. ಬಹುಮಾನ ಗೆದ್ದವರಲ್ಲ, ದುಬಾರಿ ಲೆನ್ಸುಗಳ ಒಡೆಯರೂ ಅಲ್ಲ. ಶನಿವಾರ ಬೆಳಗ್ಗೆ ಬುತ್ತಿಗೆ ಚಿತ್ರಾನ್ನ, ಫ್ಲಾಸ್ಕಿಗೆ ಕಾಫಿ ತುಂಬಿಕೊಂಡು ಹೊರಡುವ ಸಾಮಾನ್ಯ ಹವ್ಯಾಸಿಗಳು. ಈ ತಿರುಗಾಟದಲ್ಲಿ ಕಂಡದ್ದನ್ನು, ಕಲಿತದ್ದನ್ನು ಸಂಘದ ಬಂಧುಗಳೊಡನೆ ಹಂಚಿಕೊಳ್ಳೋಣವೆಂದು ಈ ಬರಹ.

ಫೋಟೋಗಳ ಊರು

ರಾಚೆಸ್ಟರಿನಲ್ಲಿದ್ದು ಕ್ಯಾಮರಾ ಹಿಡಿಯದಿರುವುದು ಮೈಸೂರಿನಲ್ಲಿದ್ದು ದಸರಾ ನೋಡದಂತೆ. ಜಾರ್ಜ್ ಈಸ್ಟ್‌ಮನ್ 1888ರಲ್ಲಿ ಮೊದಲ ಕೊಡಕ್ ಕ್ಯಾಮರಾವನ್ನು ಮಾರಾಟಕ್ಕೆ ತಂದದ್ದು ಇದೇ ಊರಿನಿಂದ. ಬೆಲೆ 25 ಡಾಲರು, ಒಳಗೆ 100 ಚಿತ್ರಗಳಿಗಾಗುವ ಸುರುಳಿ. ಚಿತ್ರಗಳು ಮುಗಿದ ಮೇಲೆ ಡಬ್ಬಿಯನ್ನೇ ರಾಚೆಸ್ಟರಿಗೆ ಅಂಚೆಯಲ್ಲಿ ಕಳಿಸಿದರೆ ಚಿತ್ರಗಳನ್ನು ಮುದ್ರಿಸಿ, ಹೊಸ ಸುರುಳಿ ತುಂಬಿ ಹಿಂದಿರುಗಿಸುತ್ತಿದ್ದರು. ಫೋಟೋ ತೆಗೆಯುವುದು ವೃತ್ತಿಗಾರರ ಕೈಯಿಂದ ಜನಸಾಮಾನ್ಯರ ಕೈಗೆ ಬಂದದ್ದು ಹೀಗೆ. ಡಿಜಿಟಲ್ ಕ್ಯಾಮರಾ ಮೊದಲು ರೂಪುಗೊಂಡದ್ದೂ ಇದೇ ಕಂಪನಿಯ ಪ್ರಯೋಗಶಾಲೆಯಲ್ಲಿ. 1975ರಲ್ಲಿ ಸ್ಟೀವನ್ ಸ್ಯಾಸನ್ ಎಂಬ ತರುಣ ಎಂಜಿನಿಯರ್ ಕಟ್ಟಿದ ಆ ಯಂತ್ರ ಒಂದು ಕಪ್ಪು-ಬಿಳುಪು ಚಿತ್ರವನ್ನು ಕ್ಯಾಸೆಟ್ಟಿಗೆ ಇಳಿಸಲು 23 ಸೆಕೆಂಡು ತೆಗೆದುಕೊಳ್ಳುತ್ತಿತ್ತು. ಅದೇ ಡಿಜಿಟಲ್ ಅಲೆ ಮುಂದೆ ಕಂಪನಿಯನ್ನು ಮುಳುಗಿಸಿ 2012ರಲ್ಲಿ ದಿವಾಳಿ ಅರ್ಜಿ ಹಾಕಿಸಿತು. ಹೆತ್ತ ಕೂಸೇ ಎದೆಗೆ ಒದ್ದಂತಾಯಿತು. ಈಸ್ಟ್‌ಮನ್ ಬಾಳಿದ ಬಂಗಲೆ 1949ರಿಂದ ಛಾಯಾಗ್ರಹಣದ ವಸ್ತುಸಂಗ್ರಹಾಲಯವಾಗಿದೆ. ಊರಿನಿಂದ ಬಂದ ನೆಂಟರನ್ನು ನಯಾಗರಕ್ಕೆ ಕರೆದೊಯ್ಯುವವರು ದಾರಿಯಲ್ಲಿ ಅರ್ಧ ದಿನ ಇಲ್ಲಿ ಇಳಿಯಬಹುದು.

ಆದರೆ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಊರಿನ ಚರಿತ್ರೆಯಲ್ಲ, ಊರಿನ ಹೊಳೆ. ಜೆನೆಸೀ ಹೊಳೆ ಪೆನ್ಸಿಲ್ವೇನಿಯಾದಲ್ಲಿ ಹುಟ್ಟಿ ಉತ್ತರಕ್ಕೆ ಹರಿದು, ರಾಚೆಸ್ಟರ್ ಪೇಟೆಯ ನಟ್ಟನಡುವೆ 96 ಅಡಿ ಧುಮುಕಿ, ಒಂಟೇರಿಯೋ ಸರೋವರ ಸೇರುತ್ತದೆ. ನಗರದಿಂದ ನೈಋತ್ಯಕ್ಕೆ ಕಾರಿನಲ್ಲಿ ಒಂದು ಗಂಟೆ ಹೋದರೆ ಲೆಚ್‌ವರ್ತ್ ಉದ್ಯಾನ. ಅಲ್ಲಿ ಇದೇ ಹೊಳೆ ಸುಮಾರು 37 ಕೋಟಿ ವರ್ಷ ಹಳೆಯ ಜೇಡಿಬಂಡೆಯನ್ನು ಕೊರೆದು ಕೆಲವೆಡೆ 550 ಅಡಿಗೂ ಆಳದ ಕಮರಿ ಮಾಡಿದೆ. ಹಿಮಯುಗದ ನೀರ್ಗಲ್ಲು ಹಿಂದೆ ಸರಿದಾಗ ಹಳೆಯ ಪಾತ್ರ ಹೂತುಹೋಗಿ, ದಾರಿ ತಪ್ಪಿದ ಹೊಳೆ ಹೊಸ ದಾರಿ ಕೊರೆದುಕೊಂಡಿತು. ಅದರಿಂದಲೇ ಈ ಕಮರಿ, ಅದರಿಂದಲೇ ಸಾಲಾಗಿ ಮೂರು ಜಲಪಾತ. ನಡುವಿನದು 107 ಅಡಿ. 830 ಅಡಿಯ ಜೋಗದ ಬುಡದಲ್ಲಿ ಬೆಳೆದ ನಮಗೆ ಮೊದಲ ಸಲ ಅದು ಮಕ್ಕಳಾಟದಂತೆ ಕಂಡಿತ್ತು. ಆದರೆ ಜೋಗದ ಸೊಬಗು ಮಳೆಗಾಲದ್ದು. ಇದು ಹನ್ನೆರಡು ತಿಂಗಳೂ ಒಂದೊಂದು ಬಣ್ಣ ಹಾಕುವ ಬಹುರೂಪಿ.

ಇಲ್ಲಿ ನಮಗೆ ನಾವೇ ಒಂದು ನೇಮ ಹಾಕಿಕೊಂಡೆವು. ಪ್ರತಿ ತಿಂಗಳೂ ಒಂದು ಸಲ ಅದೇ ಜಾಗಕ್ಕೆ ಹೋಗುವುದು, ಅದೇ ಕಲ್ಲಿನ ಪಕ್ಕದಲ್ಲಿ ಟ್ರೈಪಾಡ್ ನಿಲ್ಲಿಸುವುದು, ಅದೇ ಲೆನ್ಸಿನಲ್ಲಿ ಅದೇ ದೃಶ್ಯವನ್ನು ತೆಗೆಯುವುದು. ಜಲಪಾತಗಳನ್ನು ಎದುರಿನಿಂದ ನೋಡುವ ಒಂದು ಅಂಚಿನಲ್ಲಿ ನಿಂತರೆ ಎಡಗಡೆ ಒಂದು ಸಕ್ಕರೆ ಮೇಪಲ್ ಮರ, ಕೆಳಗೆ ನಡುವಿನ ಜಲಪಾತ, ದೂರದಲ್ಲಿ ರೈಲು ಸೇತುವೆ. ಅದು ನಮ್ಮ ಚೌಕಟ್ಟು. ಊರಿಗೆ ಈ ಚಿತ್ರಗಳನ್ನು ಕಳಿಸುತ್ತ ಹೋದಾಗ ಅಮ್ಮ ಒಂದು ದಿನ ತಡೆಯಲಾರದೆ ಕೇಳಿದರು: “ಅದೇ ಮರಾನ ಎಷ್ಟು ಸಲ ತೆಗೀತೀರಿ ಮಾರಾಯ್ರೆ? ನಿಮ್ಮ ಮುಖ ಕಾಣೋ ಹಂಗೆ ಒಂದಾದ್ರೂ ಕಳಿಸಿ.”

ಚಳಿಗಾಲ

ಹಿಮ ಬಿತ್ತೆಂದರೆ ನಮ್ಮವರು ಬಾಗಿಲು ಹಾಕಿಕೊಂಡು ಬಿಸಿ ಸಾರಿನ ಮುಂದೆ ಕೂರುತ್ತಾರೆ. ರಾಚೆಸ್ಟರಿನಲ್ಲಿ ವರ್ಷಕ್ಕೆ ಸುಮಾರು 100 ಅಂಗುಲ ಹಿಮ ಬೀಳುತ್ತದೆ. ಬಡಗಣ ತಂಗಾಳಿ ಇನ್ನೂ ಬೆಚ್ಚಗಿರುವ ಸರೋವರದ ಮೇಲೆ ಹಾದು ತೇವ ಹೀರಿಕೊಂಡು ಬಂದು, ದಡ ದಾಟಿದೊಡನೆ ನಮ್ಮ ಮಾಡಿನ ಮೇಲೆ ಸುರಿಯುತ್ತದೆ. ಹತ್ತು ಅಂಗುಲ ಹಿಮ ಕರಗಿದರೆ ಹೆಚ್ಚುಕಡಿಮೆ ಒಂದು ಅಂಗುಲ ನೀರು. ಆ ಲೆಕ್ಕದಲ್ಲಿ ಇಲ್ಲಿನ ಇಡೀ ಚಳಿಗಾಲದ ಹಿಮ ಆಗುಂಬೆಯ ಆಷಾಢದ ಒಂದೆರಡು ದಿನದ ಜಡಿಮಳೆಗೆ ಸಮ ಎಂದು ನಾವು ಸಮಾಧಾನ ಹೇಳಿಕೊಳ್ಳುತ್ತೇವೆ.

ಛಾಯಾಗ್ರಾಹಕನಿಗೆ ಮಾತ್ರ ಇದು ಸುಗ್ಗಿಯ ಕಾಲ. ಕಾರಣ ಸೂರ್ಯ. ನಮ್ಮೂರಿನಲ್ಲಿ ನಡುಹಗಲಿನ ಸೂರ್ಯ ನೆತ್ತಿಯ ಹತ್ತಿರ ನಿಂತು ಎಲ್ಲವನ್ನೂ ಚಪ್ಪಟೆ ಮಾಡುತ್ತಾನೆ. ಉತ್ತರ ಅಕ್ಷಾಂಶ 43ರಲ್ಲಿರುವ ಇಲ್ಲಿ ಡಿಸೆಂಬರಿನ ನಡುಹಗಲಿನಲ್ಲೂ ಅವನು ದಿಗಂತದಿಂದ 23-24 ಡಿಗ್ರಿಗಿಂತ ಮೇಲೇರುವುದಿಲ್ಲ. ದಿನವಿಡೀ ಓರೆ ಬೆಳಕು, ಉದ್ದನೆಯ ನೀಲಿ ನೆರಳು. ಮೋಡವಿಲ್ಲದ ದಿನ ಸಿಕ್ಕರೆ ಊಟದ ಹೊತ್ತಿನಲ್ಲೂ ಒಳ್ಳೆಯ ಚಿತ್ರ ಸಿಗುತ್ತದೆ. ಜನವರಿ, ಫೆಬ್ರವರಿಯಲ್ಲಿ ಜಲಪಾತದ ಅಂಚುಗಳು ಹೆಪ್ಪುಗಟ್ಟಿ ನಡುವೆ ಮಾತ್ರ ನೀರು ಹರಿಯುತ್ತದೆ. ಉದ್ಯಾನದ ಹಳೆಯ ಬಂಗಲೆ ಗ್ಲೆನ್ ಐರಿಸ್ ಮುಂದಿನ ಕಾರಂಜಿ ಚಿಮ್ಮುತ್ತಲೇ ಹೆಪ್ಪುಗಟ್ಟಿ ಹುತ್ತದಂತೆ ಬೆಳೆಯುತ್ತದೆ. 2015ರ ಕಡು ಚಳಿಯಲ್ಲಿ ಅದು ಸುಮಾರು 50 ಅಡಿ ಎತ್ತರವಾಗಿತ್ತು.

ಹಿಮದಲ್ಲಿ ಫೋಟೋ ತೆಗೆಯುವವರಿಗೆ ಮೂರು ಮಾತು. ಕ್ಯಾಮರಾದ ಬೆಳಕಿನ ಮಾಪಕ ಜಗತ್ತೆಲ್ಲ ನಡುಬೂದು ಬಣ್ಣದ್ದೆಂದು ನಂಬಿರುತ್ತದೆ. ಹಿಮವನ್ನು ಕಂಡರೆ ಅದನ್ನೂ ಬೂದಿಯಂತೆ ಮಾಡಿಬಿಡುತ್ತದೆ. ಆದ್ದರಿಂದ ಅದು ಹೇಳಿದ್ದಕ್ಕಿಂತ ಒಂದರಿಂದ ಒಂದೂವರೆ ಸ್ಟಾಪ್ ಹೆಚ್ಚು ಬೆಳಕು ಕೊಡಬೇಕು. ಎರಡನೆಯದು, ಚಳಿಗೆ ಬ್ಯಾಟರಿ ಬೇಗ ಸೊರಗುತ್ತದೆ, ಇನ್ನೊಂದನ್ನು ಮೈಗೆ ತಾಗುವ ಒಳಜೇಬಿನಲ್ಲಿ ಇಟ್ಟುಕೊಳ್ಳಬೇಕು. ಮೂರನೆಯದು, ಹೊರಗಿನಿಂದ ಬಂದ ಕ್ಯಾಮರಾವನ್ನು ಬೆಚ್ಚನೆಯ ಮನೆಯಲ್ಲಿ ಹಾಗೇ ತೆರೆದಿಟ್ಟರೆ ಲೆನ್ಸಿನ ಮೇಲೆ, ಕೆಲವು ಸಲ ಒಳಗೂ, ನೀರು ಮೂಡುತ್ತದೆ. ಹೊರಗೇ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ತಂದು, ಒಂದೆರಡು ಗಂಟೆ ಬಿಟ್ಟು ತೆಗೆಯಬೇಕು.

ಸಂಜೆ ನಾಲ್ಕೂವರೆಗೆ ಕತ್ತಲಾಗುವ ದಿನಗಳಲ್ಲಿ ನೆಲಮಾಳಿಗೆಯ ಕತ್ತಲೆಕೋಣೆಯೇ ನಮ್ಮ ಗುಡಿ. ಡಿಜಿಟಲ್ ಕ್ಯಾಮರಾ ಇದ್ದರೂ ಕಪ್ಪು-ಬಿಳುಪು ಫಿಲ್ಮನ್ನು ನಾವು ಬಿಟ್ಟಿಲ್ಲ. ಹಗಲೆಲ್ಲ ಬೀಕರು ತೊಳೆದವರು ರಾತ್ರಿಯೂ ಹೈಪೋ ವಾಸನೆ ಕುಡಿಯುವುದೇಕೆಂದು ಗೆಳೆಯರು ನಗುತ್ತಾರೆ. ಆದರೆ ಅಲ್ಲಿ ನಡೆಯುವ ರಸಾಯನಕ್ರಿಯೆ ಎಷ್ಟು ಸಲ ಕಂಡರೂ ಸಾಲದು. ಫಿಲ್ಮಿನ ಒಂದು ಬೆಳ್ಳಿಲವಣದ ಹರಳಿನಲ್ಲಿ ಕೋಟಿಗಟ್ಟಲೆ ಪರಮಾಣುಗಳಿವೆ. ಬೆಳಕು ತಾಗಿ ಅವುಗಳಲ್ಲಿ ನಾಲ್ಕೈದು ಮಾತ್ರ ಬೆಳ್ಳಿಯಾಗಿ ಒಂದೆಡೆ ಕೂಡಿದರೆ ಸಾಕು, ಡೆವಲಪರಿನಲ್ಲಿ ಆ ಹರಳಿಗೆ ಹರಳೇ ಬೆಳ್ಳಿಯಾಗುತ್ತದೆ. ಅಲ್ಲಿಯವರೆಗೆ ಕಣ್ಣಿಗೆ ಕಾಣದೆ ಕಾದಿರುವ ಆ ಗುರುತಿಗೆ ಗುಪ್ತಬಿಂಬವೆಂದು ಹೆಸರು.

ವಸಂತ

ಪಂಚಾಂಗದ ವಸಂತಕ್ಕೂ ಇಲ್ಲಿನ ವಸಂತಕ್ಕೂ ತಾಳಮೇಳವಿಲ್ಲ. ಯುಗಾದಿಗೆ ನಾವು ಬೇವುಬೆಲ್ಲ ತಿನ್ನುವಾಗ ಹಿತ್ತಿಲಿನಲ್ಲಿ ಕೊಳೆ ಹಿಮ. ಅದು ಕರಗಿ ಹಸಿರು ಮೂಡುವವರೆಗಿನ ಐದಾರು ವಾರಕ್ಕೆ ನಾವು ಕೆಸರುಗಾಲವೆಂದು ಹೆಸರಿಟ್ಟಿದ್ದೇವೆ. ಆದರೆ ಈ ಬೇಸರದ ಹೊತ್ತಿನಲ್ಲೇ ಒಂದು ಸೊಗಸಿನ ಕೆಲಸ ನಡೆಯುತ್ತದೆ. ಮಾರ್ಚಿಯಲ್ಲಿ ರಾತ್ರಿ ಹೆಪ್ಪುಗಟ್ಟುವ ಚಳಿ, ಹಗಲು ತುಸು ಬಿಸಿಲು ಇದ್ದರೆ ಮೇಪಲ್ ಮರದಲ್ಲಿ ರಸ ಏರಿಳಿಯುತ್ತದೆ. ಮರಕ್ಕೆ ಸಣ್ಣ ತೂತು ಕೊರೆದು ಅದನ್ನು ಹಿಡಿದು, ಕೊಪ್ಪರಿಗೆಯಲ್ಲಿ ಕಾಯಿಸಿ ಪಾಕ ಮಾಡುತ್ತಾರೆ. ಸುಮಾರು 40 ಗ್ಯಾಲನ್ ರಸಕ್ಕೆ ಒಂದು ಗ್ಯಾಲನ್ ಪಾಕ. ಆ ಗುಡಿಸಲೊಳಗೆ ಹೊಕ್ಕ ಕ್ಷಣ ನಮಗೆ ಬಂದದ್ದು ಆಲೆಮನೆಯ ನೆನಪು. ಅದೇ ಉರಿ, ಅದೇ ಹಬೆ, ಪಾಕ ಹದಕ್ಕೆ ಬಂತೇ ಎಂದು ಸೌಟು ಎತ್ತಿ ನೋಡುವ ಅದೇ ಹಿರಿಯ. ಹಬೆಯ ಚಿತ್ರಕ್ಕೆ ಬೆಳಕು ಅದರ ಹಿಂದಿನಿಂದ ಬರಬೇಕು. ಎದುರಿನ ಬೆಳಕಿನಲ್ಲಿ ಹಬೆ ಕಾಣುವುದೇ ಇಲ್ಲ.

ಮೇ ತಿಂಗಳ ಮೊದಲಲ್ಲಿ ಕಾಡಿನ ನೆಲದ ತುಂಬ ಮೂರೆಸಳಿನ ಬಿಳಿ ಟ್ರಿಲಿಯಮ್ ಹೂ. ಮರಗಳು ಎಲೆ ಬಿಟ್ಟು ಚಪ್ಪರ ಮುಚ್ಚುವ ಮುನ್ನ ಸಿಕ್ಕ ಬಿಸಿಲಿನಲ್ಲಿ ಅವಸರವಾಗಿ ಅರಳಿ ಮುಗಿಸುವ ಹೂ ಅದು. ಅದರ ಚಿತ್ರ ಬೇಕಾದವರು ಹೊಟ್ಟೆಯ ಮೇಲೆ ಮಲಗಬೇಕು. ತಿಂಗಳ ನಡುವಿಗೆ ನಗರದ ಹೈಲ್ಯಾಂಡ್ ಉದ್ಯಾನದಲ್ಲಿ ಲೈಲಾಕ್ ಹೂಗಳ ಜಾತ್ರೆ. 1892ರಲ್ಲಿ ನೆಡಲು ತೊಡಗಿದ ಆ ತೋಟದಲ್ಲಿ ಈಗ 500ಕ್ಕೂ ಹೆಚ್ಚು ಬಗೆಗಳಿವೆ. ಬೆಳಗ್ಗೆ ಆರಕ್ಕೆ ಹೋದರೆ ನೀವು, ಹೂ ಮತ್ತು ಇಬ್ಬನಿ. ಹತ್ತಕ್ಕೆ ಹೋದರೆ ಕಡಲೆಕಾಯಿ ಪರಿಷೆ.

2024ರ ಏಪ್ರಿಲ್ 8ರಂದು ನಮ್ಮೂರಿನ ಮೇಲೆ ಖಗ್ರಾಸ ಸೂರ್ಯಗ್ರಹಣ ಹಾದುಹೋಯಿತು. ಹಿಂದೆ ಇಲ್ಲಿ ಅಂಥದ್ದು ಕಂಡದ್ದು 1925ರಲ್ಲಿ. ದೂರದೂರುಗಳಿಂದ ಜನ ಬಂದು ನೆರೆದರು. ಆಕಾಶ ಮಾತ್ರ ಮೋಡ ಹೊದ್ದು ಮಲಗಿತ್ತು. ಮಧ್ಯಾಹ್ನ ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ ಮೂರೂವರೆ ನಿಮಿಷ ಊರಿಗೆ ಊರೇ ಕತ್ತಲಾಯಿತು. ಸೂರ್ಯನ ಕಡೆಗಿದ್ದ ಲೆನ್ಸನ್ನು ನಾವು ಬೀದಿಯ ಕಡೆ ತಿರುಗಿಸಿದೆವು. ಹತ್ತಿಕೊಂಡ ಬೀದಿದೀಪ, ಮೇಲೆ ನೋಡುತ್ತ ನಿಂತ ಅಕ್ಕಪಕ್ಕದವರು, ಅಪ್ಪನ ಹೆಗಲ ಮೇಲೆ ಬಾಯಿ ತೆರೆದ ಒಂದು ಮಗು. ಮೋಡವಿಲ್ಲದಿದ್ದರೆ ಲಕ್ಷಾಂತರ ಜನ ತೆಗೆದ ಕರಿಬಿಲ್ಲೆಯ ಚಿತ್ರವೇ ನಮಗೂ ಸಿಗುತ್ತಿತ್ತು.

ಬೇಸಗೆ

ನಿಜ ಹೇಳಬೇಕೆಂದರೆ ಚಿತ್ರಕ್ಕೆ ಅತಿ ಕಷ್ಟದ ಕಾಲ ಇದು. ಎಲ್ಲೆಲ್ಲೂ ಒಂದೇ ಹಸಿರು, ನಡುಹಗಲಿನ ಸೂರ್ಯ 70 ಡಿಗ್ರಿ ಎತ್ತರದಲ್ಲಿ, ದೂರವೆಲ್ಲ ಮಬ್ಬು. ಜೂನಿನಲ್ಲಿ ಹಗಲು 15 ಗಂಟೆಗೂ ಹೆಚ್ಚು. ಸೂರ್ಯ ಮುಳುಗುವುದು ರಾತ್ರಿ ಒಂಬತ್ತರ ಸುಮಾರಿಗೆ. ಆದ್ದರಿಂದ ಬೆಳಗಿನ ಐದೂವರೆ, ಇಲ್ಲವೇ ರಾತ್ರಿ ಎಂಟೂವರೆ, ಎರಡೇ ಹೊತ್ತು. ನಮ್ಮೂರಿನ ಮುಸ್ಸಂಜೆ ದೀಪ ಹಚ್ಚುವಷ್ಟರಲ್ಲಿ ಮುಗಿದರೆ ಇಲ್ಲಿನದು ಊಟ ಮುಗಿಸಿ ಬಂದರೂ ಕಾದಿರುತ್ತದೆ.

ಈ ಕಾಲದಲ್ಲಿ ನಾವು ಸರೋವರದ ದಂಡೆಗೆ ಹೋಗುತ್ತೇವೆ. ರಾಚೆಸ್ಟರಿನ ಪೂರ್ವಕ್ಕೆ ಸೋಡಸ್ ಹತ್ತಿರ ಚಿಮ್ನಿ ಬ್ಲಫ್ಸ್ ಎಂಬ ಜಾಗವಿದೆ. ನೀರ್ಗಲ್ಲು ಗುಡ್ಡೆ ಹಾಕಿಹೋದ ಜೇಡಿಮಣ್ಣನ್ನು ಅಲೆ, ಮಳೆ, ಗಾಳಿ ಸೇರಿ ಕೆತ್ತಿ ಕತ್ತಿಯಂಥ ಮೊನೆಗಳನ್ನು ಮಾಡಿವೆ. ಇಂದಿಗೂ ಕೆತ್ತುತ್ತಲೇ ಇವೆ. ಹಿಂದಿನ ವರ್ಷದ ಚಿತ್ರ ಹಿಡಿದು ಹೋಲಿಸಿದರೆ ಒಂದು ಮೊನೆ ಮೊಂಡಾಗಿರುತ್ತದೆ, ಒಂದು ಮರ ಬುಡಸಮೇತ ಕೆಳಗೆ ಬಿದ್ದಿರುತ್ತದೆ. ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗುವವನಿಗೆ ಮಾತ್ರ ಗುಡ್ಡವೂ ಸವೆಯುವುದು ಕಾಣುತ್ತದೆ. ಅಂಚಿನ ಮಣ್ಣು ಕುಸಿಯುವಂಥದ್ದು, ಮಕ್ಕಳ ಕೈ ಬಿಡಬಾರದು.

ಎಲೆ ಹಣ್ಣಾಗುವ ಕಾಲ

ಅಕ್ಟೋಬರಿನ ನಡುವಿನ ವಾರಕ್ಕೆ ನಾವು ವರ್ಷವಿಡೀ ಕಾಯುತ್ತೇವೆ. ಇಂಗ್ಲಿಷಿನವರು ಇದನ್ನು ಎಲೆ ಬೀಳುವ ಕಾಲ ಎನ್ನುತ್ತಾರೆ. ನಮ್ಮ ಭಾಷೆಯಲ್ಲಿ ಎಲೆ ಬೀಳುವ ಮುಂಚೆ ಹಣ್ಣಾಗುತ್ತದೆ. ರಸಾಯನ ವಿಜ್ಞಾನಿಗೆ ಕನ್ನಡದ ಮಾತೇ ಹೆಚ್ಚು ಸರಿ.

ಹಗಲು ಕಿರಿದಾಗುತ್ತ ಬಂದಂತೆ ಮರ ತನ್ನ ಗಂಟು ಕಟ್ಟತೊಡಗುತ್ತದೆ. ಪತ್ರಹರಿತ್ತನ್ನು ಒಡೆದು, ಎಲೆಯಲ್ಲಿರುವ ಸಾರಜನಕವನ್ನು ಕೊಂಬೆಗೆ, ಕಾಂಡಕ್ಕೆ ಸಾಗಿಸುತ್ತದೆ. ಹಸಿರು ಇಳಿದಾಗ ಅದುವರೆಗೆ ಅದರಡಿ ಅಡಗಿದ್ದ ಹಳದಿ, ಕಿತ್ತಳೆ ಬಣ್ಣಗಳು ಮೇಲೆ ಕಾಣುತ್ತವೆ. ಇವು ಕ್ಯಾರೊಟಿನಾಯ್ಡುಗಳು, ಪಪ್ಪಾಯಿ ಮತ್ತು ಕ್ಯಾರೆಟ್ಟಿನ ಬಣ್ಣದ ಬಂಧುಗಳು. ಕೆಂಪಿನ ಕತೆ ಬೇರೆ. ಅದು ಅಡಗಿದ್ದು ಕಂಡದ್ದಲ್ಲ, ಹೊಸದಾಗಿ ಹುಟ್ಟಿದ್ದು. ಎಲೆಯ ತೊಟ್ಟಿನಲ್ಲಿ ದಾರಿ ಮುಚ್ಚುತ್ತ ಬಂದಾಗ ಒಳಗೆ ಉಳಿದ ಸಕ್ಕರೆಯಿಂದ ಆಂಥೊಸಯನಿನ್ ಎಂಬ ಬಣ್ಣ ತಯಾರಾಗುತ್ತದೆ. ಹಗಲು ಒಳ್ಳೆಯ ಬಿಸಿಲು, ರಾತ್ರಿ ಹೆಪ್ಪುಗಟ್ಟದಷ್ಟು ಚಳಿ ಇದ್ದ ವರ್ಷ ಮೇಪಲ್ ಮರ ಕೆಂಡವಾಗುತ್ತದೆ. ನೇರಳೆ ಹಣ್ಣು ತಿಂದು ನಾಲಗೆ ಬಣ್ಣ ಮಾಡಿಕೊಂಡವರಿಗೆ ಈ ಬಣ್ಣ ಹೊಸದಲ್ಲ. ನಮ್ಮ ಮಾವಿನ ಚಿಗುರು ಕೆಂಪಾಗಿರುವುದೂ ಇದರಿಂದಲೇ. ಅಲ್ಲಿ ಎಲೆ ಹುಟ್ಟುವಾಗ ಬರುವ ಕೆಂಪು ಇಲ್ಲಿ ಎಲೆ ಹೊರಡುವಾಗ ಬರುತ್ತದೆ.

ಈ ಬಣ್ಣಗಳಿಗೆ ನೆತ್ತಿಯ ಬಿಸಿಲಿಗಿಂತ ತೆಳುಮೋಡದ ದಿನ ಮೇಲು. ಮಳೆ ನಿಂತ ಗಳಿಗೆ ಇನ್ನೂ ಮೇಲು. ಒದ್ದೆ ಎಲೆಯ ಹೊಳಪನ್ನು ಪೋಲರೈಸರ್ ಫಿಲ್ಟರ್ ತಿರುಗಿಸಿ ಕಳೆದರೆ ನಿಜವಾದ ಬಣ್ಣ ಹೊರಬರುತ್ತದೆ. ಜಲಪಾತಕ್ಕೆ ಅರ್ಧ ಸೆಕೆಂಡು ಕೊಟ್ಟರೆ ನೀರು ರೇಷ್ಮೆಯಂತಾಗುತ್ತದೆ. ನಮ್ಮ ಚೌಕಟ್ಟಿನ ಹಿಂದಿನ ರೈಲು ಸೇತುವೆಯೂ ಬದಲಾದದ್ದೇ. 1875ರ ಹಳೆಯ ಕಬ್ಬಿಣದ ಸೇತುವೆಯನ್ನು ತೆಗೆದು 2017ರಲ್ಲಿ ಉಕ್ಕಿನ ಕಮಾನು ಕಟ್ಟಿದರು. ಹಳೆಯ ಸೇತುವೆಯ ಚಿತ್ರ ತೆಗೆದಿಟ್ಟವರು ಈಗ ಅದನ್ನು ಜೋಪಾನ ಮಾಡುತ್ತಾರೆ.

ಯಾಕೆ ಬೇಕು ಇದೆಲ್ಲ?

ನಮ್ಮಂಥವರು ಇಲ್ಲಿ ಕೆಲಸದ ವೀಸಾದ ಮೇಲೆ ಇದ್ದೇವೆ. ಮೂರು ವರ್ಷ, ಮತ್ತೆ ಮೂರು ವರ್ಷ, ಆಮೇಲೆ ಹಸಿರು ಚೀಟಿಯ ಸಾಲಿನಲ್ಲಿ ನಿಂತು ಮತ್ತೆ ಮತ್ತೆ ವಿಸ್ತರಣೆ. ಸಾಮಾನ್ಯವಾಗಿ ಯಾವುದೇ ಒಂದು ದೇಶದಲ್ಲಿ ಹುಟ್ಟಿದವರಿಗೆ ವರ್ಷದ ಚೀಟಿಗಳಲ್ಲಿ ಶೇಕಡಾ 7ಕ್ಕಿಂತ ಹೆಚ್ಚಿನ ಪಾಲಿಲ್ಲ. ಭಾರತದವರ ಸಾಲು ಎಷ್ಟು ಉದ್ದವೆಂದು ಓದುಗರಿಗೆ ನಾವು ಹೇಳಬೇಕಾಗಿಲ್ಲ. ನಡುವೆ ಕೆಲಸ ಹೋದರೆ ಹೊಸದು ಹುಡುಕಲು, ಇಲ್ಲವೇ ಗಂಟುಮೂಟೆ ಕಟ್ಟಲು, ಹೆಚ್ಚೆಂದರೆ 60 ದಿನ.

2023ರಲ್ಲಿ ನಮ್ಮ ಸ್ನೇಹಿತರ ಕುಟುಂಬವೊಂದಕ್ಕೆ ಹಾಗೇ ಆಯಿತು. ಏಳು ವರ್ಷ ಬಾಳಿದ ಮನೆಯನ್ನು ಎಂಟು ವಾರದಲ್ಲಿ ಖಾಲಿ ಮಾಡಿದರು. ಸೋಫಾ, ಪಾತ್ರೆ, ಮಗಳ ಸೈಕಲ್ಲು ಎಲ್ಲವನ್ನೂ ಹಂಚಿದರು. ಹೊರಡುವ ಹಿಂದಿನ ವಾರ ಆ ಹುಡುಗಿ ನಮ್ಮನ್ನು ಕೇಳಿದಳು: “ಆಂಟೀ, ನಮ್ಮ ಬೀದಿ ಫೋಟೋ ನಿಮ್ಮ ಹತ್ರ ಇದ್ಯಾ? ಹಿಮ ಬಿದ್ದಿರೋದು?” ಅವರ ಬಳಿ ಸಾವಿರಾರು ಚಿತ್ರಗಳಿದ್ದವು. ಎಲ್ಲದರಲ್ಲೂ ಅವಳಿದ್ದಳು, ಕೇಕು ಇತ್ತು, ನೆಂಟರಿದ್ದರು. ಅವಳು ಶಾಲೆಯ ಬಸ್ಸಿಗೆ ಕಾಯುತ್ತಿದ್ದ ಮೂಲೆಯ ಸೇಬಿನ ಮರ ಒಂದರಲ್ಲೂ ಇರಲಿಲ್ಲ. ನಮ್ಮ ಹಳೆಯ ಸುರುಳಿಗಳನ್ನು ಜಾಲಾಡಿದಾಗ ಒಂದು ಸಿಕ್ಕಿತು. ಜನವರಿಯ ಬೆಳಗ್ಗೆ, ಬರಿಕೊಂಬೆಯ ಮರ, ಹಿಮದ ಮೇಲೆ ಯಾರದೋ ಬೂಟಿನ ಗುರುತು. ದೊಡ್ಡದಾಗಿ ಮುದ್ರಿಸಿ ಕೊಟ್ಟೆವು. ಈಗ ಅದು ಮೈಸೂರಿನಲ್ಲಿ ಅವಳ ಓದುವ ಮೇಜಿನ ಮೇಲಿದೆಯಂತೆ.

ಅಂದಿನಿಂದ ನಮ್ಮ ತಿಂಗಳ ನೇಮ ಇನ್ನಷ್ಟು ಗಟ್ಟಿಯಾಯಿತು. ನಮಗೆ ಇಲ್ಲಿ ಇನ್ನೆಷ್ಟು ಅಕ್ಟೋಬರುಗಳಿವೆಯೋ ತಿಳಿಯದು. ಹತ್ತು ಇರಬಹುದು, ಒಂದೇ ಇರಬಹುದು. ಹೋಗುವ ದಿನ ಬಂದರೆ ಮನೆಯನ್ನು ಯಾರಿಗಾದರೂ ಒಪ್ಪಿಸಬಹುದು, ಕಣಿವೆಯನ್ನು ಕಟ್ಟಿಕೊಂಡು ಹೋಗಲಾಗದು. ಉಳಿದರೂ ಮಾತು ಅದೇ. ಇರುವ ಊರನ್ನು ನೋಡದೆ ಬಾಳಿದರೆ ಇಪ್ಪತ್ತು ವರ್ಷ ಇದ್ದರೂ ತಂಗುದಾಣದಲ್ಲಿ ಕೂತಂತೆಯೇ. ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ತಮ್ಮ ತೋಟದ ಸುತ್ತಮುತ್ತಲ ಹಕ್ಕಿಗಳನ್ನೇ ವರ್ಷಗಟ್ಟಲೆ ಕಾದು ಚಿತ್ರ ತೆಗೆದವರು. ಅಷ್ಟು ತಾಳ್ಮೆ ನಮಗಿಲ್ಲದಿದ್ದರೂ ಅವರ ದಾರಿ ಸರಿಯೆಂದು ನಮಗೆ ಕಂಡಿದೆ.

ಸದಸ್ಯ ಬಂಧುಗಳಿಗೆ

ದೊಡ್ಡ ಕ್ಯಾಮರಾ ಬೇಕಿಲ್ಲ. ಕಿಸೆಯಲ್ಲಿರುವ ಫೋನೇ ಸಾಕು. ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದು ಮರವನ್ನೋ ಮೂಲೆಯನ್ನೋ ಆರಿಸಿಕೊಳ್ಳಿ. ನಿಲ್ಲುವ ಜಾಗಕ್ಕೆ ಒಂದು ಗುರುತು ಇರಲಿ. ತಿಂಗಳ ಮೊದಲ ಭಾನುವಾರ ಅದೇ ಹೊತ್ತಿಗೆ ಒಂದೇ ಒಂದು ಚಿತ್ರ ತೆಗೆಯಿರಿ. ಹವೆ ಚೆನ್ನಾಗಿಲ್ಲವೆಂದು ಬಿಡಬೇಡಿ, ಮಂಜು ಮಳೆಗಳೂ ಊರಿನವೇ. ಚಿತ್ರದ ಹಿಂದೆ ದಿನಾಂಕ ಬರೆಯಿರಿ. ಫೋನಿನಲ್ಲೇ ಬಿಡದೆ ಕಾಗದಕ್ಕೆ ಮುದ್ರಿಸಿ. ಮಕ್ಕಳಿಗೂ ಒಂದೊಂದು ಜಾಗ ವಹಿಸಿಕೊಡಿ. ಹನ್ನೆರಡು ಚಿತ್ರಗಳನ್ನು ಸಾಲಾಗಿ ಜೋಡಿಸಿದ ದಿನ ಮನೆಯವರೆಲ್ಲ ಸುತ್ತ ನೆರೆಯುತ್ತಾರೆ, ಇದು ಖಂಡಿತ.

ಮುಂದಿನ ರಾಜ್ಯೋತ್ಸವದ ಹೊತ್ತಿಗೆ ಹತ್ತು ಮನೆಗಳಿಂದ ಇಂಥ ಹತ್ತು ಸಾಲುಗಳು ಬಂದರೆ ಸಭಾಂಗಣದ ಒಂದು ಗೋಡೆ ತುಂಬುತ್ತದೆ. ಮುದ್ರಿಸುವ ಕೆಲಸಕ್ಕೆ ನಮ್ಮ ಕತ್ತಲೆಕೋಣೆಯೂ ಕೈಗಳೂ ಸಿದ್ಧ. ಅಕ್ಟೋಬರಿನ ಎರಡನೆಯ ಶನಿವಾರ ಬೆಳಗ್ಗೆ ಏಳಕ್ಕೆ ನಾವು ಲೆಚ್‌ವರ್ತ್‌ನಲ್ಲಿರುತ್ತೇವೆ. ಬರುವವರು ಬುತ್ತಿ ತನ್ನಿ, ಕಾಫಿ ನಮ್ಮದು.

ಅಂದಹಾಗೆ, ಮುಖ ಕಾಣುವ ಫೋಟೋ ಕೇಳಿದ್ದ ಅಮ್ಮ ಕಳೆದ ಸೆಪ್ಟೆಂಬರಿನಲ್ಲಿ ಫೋನು ಮಾಡಿದಾಗ ಮೊದಲು ಕೇಳಿದ್ದು ನಮ್ಮ ಆರೋಗ್ಯವನ್ನಲ್ಲ: “ನಮ್ಮ ಮರ ಹಣ್ಣಾಯ್ತಾ?”